ನೀರಿನ ಬಾಗಿಲು ಮತ್ತು ಸ್ತನ ಕ್ಯಾನ್ಸರ್: ಪದೇ ಪದೇ ಕೇಳುವ ಪ್ರಶ್ನೆಗಳು

ಕ್ಯಾನ್ಸರ್ ಕೋಶಗಳು ನೀರಿನ ಸಹಾಯದಿಂದ ಹರಿದಾಡುತ್ತವೆ ಅಂತ ಒಂದು ಹಬ್ಬದ ಊಟದಲ್ಲಿ ಬಾಯಿ ಬಿಟ್ಟಿದ್ದೇ ತಪ್ಪಾಯಿತು. ಮಾರನೇ ದಿನ ಬೆಳಿಗ್ಗೆಯೇ ಚಿಕ್ಕಮ್ಮನ ಫೋನ್. "ಹಾಗಾದ್ರೆ ನಾನು ನೀರು ಕಡಿಮೆ ಕುಡೀಬೇಕೇನೋ?" ಅವರಿಗೆ ಕಿಮೋ ಮುಗಿದು ಆಗ ಎರಡು ವರ್ಷ. ಅವತ್ತು ರಾತ್ರಿಯೆಲ್ಲ ನಿದ್ದೆ ಮಾಡಿರಲಿಲ್ಲವಂತೆ. ಅವರಿಂದ ಶುರುವಾದ ಪ್ರಶ್ನೆಗಳು, ಆಮೇಲೆ ಬೇರೆಯವರು ಕೇಳಿದವು, ಎಲ್ಲವನ್ನೂ ಇಲ್ಲಿ ಒಟ್ಟು ಮಾಡಿದ್ದೇನೆ. ಚಿಕ್ಕಮ್ಮನ ಪ್ರಶ್ನೆಯೇ ನಿಮ್ಮದೂ ಆಗಿದ್ದರೆ ಉತ್ತರ ಈಗಲೇ ಹೇಳಿಬಿಡುತ್ತೇನೆ: ಬೇಡ. ಧಾರಾಳವಾಗಿ ಕುಡಿಯಿರಿ. ಯಾಕೆ ಅನ್ನೋದು ಕೆಳಗಿದೆ.

ನೀರಿನ ಬಾಗಿಲು ಅಂದರೆ ಏನು?

ನಮ್ಮ ಮೈಯ ಪ್ರತಿ ಕೋಶದ ಸುತ್ತ ಎಣ್ಣೆ ಜಿಡ್ಡಿನ ತೆಳು ಪೊರೆ ಇರುತ್ತದೆ. ಎಣ್ಣೆಗೂ ನೀರಿಗೂ ಆಗಿಬರುವುದಿಲ್ಲ ಅಲ್ವಾ? ಹಾಗಾಗಿ ಪೊರೆಯ ಮೂಲಕ ನೀರು ನುಸುಳುತ್ತದೆ, ಆದರೆ ಬಹಳ ನಿಧಾನ. ಬೇಗ ಹೋಗಬೇಕಾದ ಕಡೆ ಪೊರೆಯಲ್ಲಿ ಒಂದು ಪ್ರೋಟೀನ್ ನೆಟ್ಟುಕೊಂಡಿರುತ್ತದೆ. ಅದರ ನಡುವೆ ಒಂದು ಸಣ್ಣ ಕೊಳವೆ. ಇದೇ ಅಕ್ವಾಪೊರಿನ್.

ಆ ಕೊಳವೆ ಮರಳು ಗಡಿಯಾರದ ಆಕಾರದ್ದು. ಎರಡೂ ಬಾಯಿ ಅಗಲ, ನಡು ಸಣ್ಣ. ನಡುವಿನ ಅಗಲ ಒಂದು ನೀರಿನ ಕಣಕ್ಕೆ ಸರಿಯಾಗಿ ಸಾಕಾಗುವಷ್ಟೇ. ದೇವಸ್ಥಾನದ ಸರದಿ ಸಾಲಿನ ಹಾಗೆ ಕಣಗಳು ಒಂದರ ಹಿಂದೆ ಒಂದು ಹೋಗಬೇಕು. ಹೀಗೆ ಹೋದರೂ ಒಂದು ಕೊಳವೆಯಿಂದ ಸೆಕೆಂಡಿಗೆ ಸುಮಾರು 300 ಕೋಟಿ ಕಣ ದಾಟುತ್ತವೆ. ನಾಲ್ಕು ಪ್ರೋಟೀನ್‌ಗಳು ಗುಂಪಾಗಿ ನಿಲ್ಲುತ್ತವೆ, ಆದರೆ ಪ್ರತಿಯೊಂದಕ್ಕೂ ತನ್ನದೇ ಕೊಳವೆ.

ಒಂದು ಮಾತು ನೆನಪಿರಲಿ. ಇದು ಪಂಪ್ ಅಲ್ಲ, ಬರೀ ಬಾಗಿಲು. ನೀರು ಯಾವ ಕಡೆ ಹೋಗಬೇಕು ಅಂತ ಹೇಳುವುದು ಉಪ್ಪು. ಯಾವ ಕಡೆ ಉಪ್ಪು ಜಾಸ್ತಿಯೋ ಆ ಕಡೆ ನೀರು ಹರಿಯುತ್ತದೆ. ಉಪ್ಪು ಹಾಕಿಟ್ಟ ಮಾವಿನಮಿಡಿ ನೀರು ಬಿಟ್ಟು ಸುಕ್ಕಾಗುವುದು ಇದೇ ಕಾರಣಕ್ಕೆ.

ಇದನ್ನು ಕಂಡುಹಿಡಿದದ್ದು ಯಾರು?

ಪೀಟರ್ ಆಗ್ರೆ ಅನ್ನುವ ಅಮೆರಿಕದ ವೈದ್ಯ. ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿದ್ದರು. ಅವರು ಹುಡುಕುತ್ತಿದ್ದದ್ದು ಇದನ್ನಲ್ಲ. ಕೆಂಪು ರಕ್ತಕಣದ ಆರ್‌ಎಚ್ ಗುಂಪಿನ ಪ್ರೋಟೀನ್ ಬೇರ್ಪಡಿಸಲು ಹೋದಾಗ ಜೊತೆಗೆ ಇನ್ನೊಂದು ಪ್ರೋಟೀನ್ ಬಂದು ಕೂರುತ್ತಿತ್ತು. ಮೊದಲು ಕಸ ಅಂದುಕೊಂಡರು. ನೋಡಿದರೆ ರಾಶಿ ರಾಶಿ ಇದೆ, ಏನು ಕೆಲಸ ಅಂತ ಮಾತ್ರ ಯಾರಿಗೂ ಗೊತ್ತಿಲ್ಲ. ಸಂಸಾರ ಸಮೇತ ಪ್ರವಾಸ ಹೋಗಿದ್ದವರು ವಾಪಸ್ ಬರುವ ದಾರಿಯಲ್ಲಿ ತಮ್ಮ ಹಳೆಯ ಗುರು ಜಾನ್ ಪಾರ್ಕರ್ ಅವರನ್ನು ಕಂಡರು. ಇದು ನೀರಿನ ದಾರಿ ಇರಬಹುದೇನೋ, ನೋಡು ಅಂತ ಸುಳಿವು ಕೊಟ್ಟದ್ದು ಅವರೇ.

ಆಮೇಲಿನ ಪ್ರಯೋಗ ನನಗೆ ಬಹಳ ಇಷ್ಟ. ಕಪ್ಪೆಯ ಮೊಟ್ಟೆಗಳು ಕೆರೆಯ ನೀರಲ್ಲೇ ಬಿದ್ದಿದ್ದರೂ ಉಬ್ಬುವುದಿಲ್ಲ, ಅವುಗಳ ಪೊರೆಯಲ್ಲಿ ಇಂಥ ಬಾಗಿಲಿಲ್ಲ. ಆಗ್ರೆ ತಂಡ ಆ ಮೊಟ್ಟೆಗಳಿಗೆ ಈ ಪ್ರೋಟೀನ್ ತಯಾರಿಸುವ ಸೂಚನೆಯನ್ನು ಚುಚ್ಚಿ, ಆಮೇಲೆ ತೆಳು ದ್ರವಕ್ಕೆ ಹಾಕಿತು. ಕೆಲವೇ ನಿಮಿಷಗಳಲ್ಲಿ ಮೊಟ್ಟೆಗಳು ಉಬ್ಬಿ, ನಾಗರಪಂಚಮಿಗೆ ಹುರಿಯುವ ಅರಳಿನ ಹಾಗೆ ಒಡೆದವು. ಇದು 1992ರಲ್ಲಿ ಪ್ರಕಟವಾಯಿತು. 2003ರ ರಸಾಯನಶಾಸ್ತ್ರದ ನೊಬೆಲ್‌ನಲ್ಲಿ ಆಗ್ರೆ ಅವರಿಗೆ ಪಾಲು ಬಂತು.

ರೊಮೇನಿಯಾದ ಗಿಯೋರ್ಗೆ ಬೆಂಗಾ 1986ರಲ್ಲೇ ರಕ್ತಕಣದಲ್ಲಿ ನೀರಿನ ದಾರಿ ಇರುವ ಪ್ರೋಟೀನ್ ಬಗ್ಗೆ ಬರೆದಿದ್ದರು. ಅವರಿಗೆ ಬಹುಮಾನ ಸಿಗಲಿಲ್ಲ. ಅನ್ಯಾಯ ಅನ್ನುವವರು ಇವತ್ತಿಗೂ ಇದ್ದಾರೆ. ಕಪ್ಪೆ ಮೊಟ್ಟೆ ಒಡೆದ ಹಾಗೆ ಕಣ್ಣಿಗೆ ಕಾಣುವ ಸಾಕ್ಷಿ ಇದ್ದವರು ಗೆದ್ದರು ಅಂತ ನನ್ನ ಅನಿಸಿಕೆ.

ಮನುಷ್ಯರಲ್ಲಿ ಎಷ್ಟು ಬಗೆ ಇವೆ?

ಹದಿಮೂರು. 0ಯಿಂದ 12ರವರೆಗೆ ಸಂಖ್ಯೆ ಕೊಟ್ಟಿದ್ದಾರೆ. ಕಣ್ಣಿನ ಮಸೂರದಲ್ಲಿ 0, ಮೂತ್ರಪಿಂಡದಲ್ಲಿ 1 ಮತ್ತು 2, ಮಿದುಳಿನಲ್ಲಿ 4, ಕಣ್ಣೀರು ಮತ್ತು ಜೊಲ್ಲಿನ ಗ್ರಂಥಿಯಲ್ಲಿ 5. ಕೆಲವು ನೀರಿನ ಜೊತೆ ಗ್ಲಿಸರಿನ್ ಕೂಡ ಬಿಡುತ್ತವೆ. ಅವುಗಳಲ್ಲಿ 3ನೇದು ನಮ್ಮ ಕಥೆಗೆ ಬೇಕು.

ನಮ್ಮ ಮೂತ್ರಪಿಂಡ ದಿನಕ್ಕೆ ಸುಮಾರು 180 ಲೀಟರ್ ದ್ರವ ಸೋಸುತ್ತದೆ. ಹೊರಗೆ ಹೋಗುವುದು ಒಂದೂವರೆ ಲೀಟರ್ ಅಷ್ಟೇ. ಉಳಿದದ್ದನ್ನು ವಾಪಸ್ ಎಳೆದುಕೊಳ್ಳುವುದರಲ್ಲಿ ಈ ಬಾಗಿಲುಗಳದ್ದೇ ದೊಡ್ಡ ಪಾಲು. ಅಂದರೆ ಇವು ಕ್ಯಾನ್ಸರಿಗಾಗಿ ಹುಟ್ಟಿದವಲ್ಲ. ನಮ್ಮ ಮನೆಯ ಸಾಮಾನನ್ನೇ ಕ್ಯಾನ್ಸರ್ ಬಳಸಿಕೊಳ್ಳುತ್ತದೆ.

ಕ್ಯಾನ್ಸರ್ ಹರಡುವುದು ಅಂದರೆ ನಿಜಕ್ಕೂ ಏನಾಗುತ್ತದೆ?

ಎದೆಯಲ್ಲಿರುವ ಗಡ್ಡೆ ಅಲ್ಲೇ ಇದ್ದರೆ ಅದನ್ನು ತೆಗೆದು ಹಾಕಬಹುದು. ಕಷ್ಟ ಶುರುವಾಗುವುದು ಅಲ್ಲಿಂದ ಕೋಶಗಳು ಕಿತ್ತುಕೊಂಡು ಹೊರಟಾಗ. ಮೊದಲು ಪಕ್ಕದ ಕೋಶದ ಕೈ ಬಿಡಬೇಕು. ಸುತ್ತಲಿನ ನಾರಿನ ಬಲೆ ನುಸುಳಬೇಕು. ರಕ್ತನಾಳಕ್ಕೋ, ಕೋಶಗಳ ನಡುವಿನ ದ್ರವವನ್ನು ವಾಪಸ್ ಒಯ್ಯುವ ಲಿಂಫ್ ನಾಳಕ್ಕೋ ಇಳಿಯಬೇಕು. ಆಮೇಲೆ ಬೇರೆಲ್ಲೋ ಆ ನಾಳದ ಗೋಡೆ ದಾಟಿ ಹೊರಬಂದು ಬೇರು ಬಿಡಬೇಕು. ಸ್ತನ ಕ್ಯಾನ್ಸರ್ ಹೆಚ್ಚಾಗಿ ಮೂಳೆ, ಶ್ವಾಸಕೋಶ, ಯಕೃತ್ತು, ಮಿದುಳು ಈ ಕಡೆ ಹೋಗುತ್ತದೆ. ಕಂಕುಳ ಲಿಂಫ್ ಗಂಟುಗಳನ್ನು ಡಾಕ್ಟರು ಅಷ್ಟು ಹುಷಾರಾಗಿ ನೋಡುವುದು ಯಾಕೆಂದರೆ ಸಾಮಾನ್ಯವಾಗಿ ಮೊದಲ ನಿಲ್ದಾಣ ಅದೇ.

ಹೊರಟ ಕೋಶಗಳಲ್ಲಿ ಬಹುಪಾಲು ದಾರಿಯಲ್ಲೇ ಸಾಯುತ್ತವೆ. ಬದುಕುಳಿದ ಕೆಲವು ಸಾಕು. ಹೀಗಾಗಿ ಕೋಶ ಹೇಗೆ ಚಲಿಸುತ್ತದೆ ಅನ್ನೋದು ಸಣ್ಣ ಪ್ರಶ್ನೆಯಲ್ಲ.

ಕಾಲೇ ಇಲ್ಲದ ಕೋಶ ನಡೆಯುವುದು ಹೇಗೆ? ಅದರಲ್ಲಿ ನೀರಿನ ಕೆಲಸವೇನು?

ಬಯಲಿನಲ್ಲಿ ಕೋಶ ನಡೆಯುವ ರೀತಿ ಬಹಳ ಕಾಲದಿಂದ ಗೊತ್ತು. ಮುಂದೆ ಒಂದು ತೆಳು ನಾಲಿಗೆ ಚಾಚುತ್ತದೆ. ಒಳಗೆ ಆಕ್ಟಿನ್ ಅನ್ನುವ ಪ್ರೋಟೀನ್ ಎಳೆಗಳು ಬೆಳೆದು ಪೊರೆಯನ್ನು ಮುಂದಕ್ಕೆ ತಳ್ಳುತ್ತವೆ. ನಾಲಿಗೆ ನೆಲಕ್ಕೆ ಅಂಟಿಕೊಳ್ಳುತ್ತದೆ, ಹಿಂದಿನ ಭಾಗ ಎಳೆದುಕೊಂಡು ಬರುತ್ತದೆ. ಈ ನಾಲಿಗೆಯ ತುದಿಯಲ್ಲಿ ಅಕ್ವಾಪೊರಿನ್‌ಗಳು ಗುಂಪುಗಟ್ಟಿರುವುದು ಕಂಡುಬಂದಿದೆ. ಅಲ್ಲಿಂದ ನೀರು ಒಳಗೆ ಬಂದು ಪೊರೆ ಉಬ್ಬಿದರೆ ಆಕ್ಟಿನ್ ಎಳೆ ಬೆಳೆಯಲು ಜಾಗ ಆಗುತ್ತದೆ.

ಆದರೆ ಮೈಯೊಳಗೆ ಬಯಲು ಎಲ್ಲಿದೆ? ಎಲ್ಲ ಕಡೆ ಸಂದಿಗೊಂದಿ. 2014ರಲ್ಲಿ ಅದೇ ಜಾನ್ಸ್ ಹಾಪ್ಕಿನ್ಸ್‌ನ ಇನ್ನೊಂದು ತಂಡ ಇದನ್ನು ಪರೀಕ್ಷಿಸಿತು. ಬರೀ 3 ಮೈಕ್ರಾನ್ ಅಗಲದ ಕಾಲುವೆಗಳನ್ನು ಮಾಡಿ ಅದರೊಳಗೆ ಕ್ಯಾನ್ಸರ್ ಕೋಶಗಳನ್ನು ಬಿಟ್ಟರು. ನಮ್ಮ ತಲೆಗೂದಲಿನ ದಪ್ಪಕ್ಕೆ ಹೋಲಿಸಿದರೆ ಅದರ ಇಪ್ಪತ್ತರಲ್ಲೊಂದು ಪಾಲೂ ಇಲ್ಲ. ಕೋಶ ಅದರೊಳಗೆ ಬಾಟಲಿಗೆ ಬಿರಟೆ ಹಾಕಿದ ಹಾಗೆ ತುಂಬಿಕೊಳ್ಳುತ್ತದೆ. ಆಮೇಲೆ ಆಕ್ಟಿನ್ ಬೆಳೆಯದಂತೆ ಔಷಧಿ ಹಾಕಿದರು. ನಡೆಯುವ ಯಂತ್ರವೇ ಕೆಟ್ಟಿತು, ಕೋಶ ನಿಲ್ಲಬೇಕಿತ್ತು. ನಿಲ್ಲಲಿಲ್ಲ!

ಹಾಗಾದರೆ ತಳ್ಳುತ್ತಿದ್ದದ್ದು ಯಾರು? ನೀರು. ಕೋಶದ ಮುಂದಿನ ತುದಿಯಲ್ಲಿ ಸೋಡಿಯಂ ಒಳಗೆ ತರುವ ಒಂದು ಪ್ರೋಟೀನ್ ಮತ್ತು ಅಕ್ವಾಪೊರಿನ್-5 ಎರಡೂ ಜಮಾಯಿಸಿದ್ದವು. ಸೋಡಿಯಂ ಬಂದ ಕಡೆ ನೀರು ಬರುತ್ತದೆ. ಹಿಂದಿನ ತುದಿಯಿಂದ ನೀರು ಹೊರಗೆ ಹೋಗುತ್ತದೆ. ಮುಂದೆ ನೀರು ನುಂಗುತ್ತಾ ಹಿಂದೆ ಬಿಡುತ್ತಾ ಕೋಶ ಕಾಲುವೆಯಲ್ಲಿ ಜಾರುತ್ತದೆ. ಈ ಎರಡು ಪ್ರೋಟೀನ್‌ಗಳಲ್ಲಿ ಯಾವುದನ್ನು ಕಡಿಮೆ ಮಾಡಿದರೂ ಓಟ ನಿಧಾನವಾಯಿತು. ಕಾಲುವೆಯ ಒಂದು ತುದಿಯ ದ್ರವದ ಸಾಂದ್ರತೆ ಬದಲಿಸಿದರೆ ಕೋಶ ದಿಕ್ಕನ್ನೇ ತಿರುಗಿಸಿ ವಾಪಸ್ ಹೊರಟಿತು. ಆ ಪ್ರಯೋಗಗಳಲ್ಲಿ ಬಳಸಿದ ಕೋಶಗಳಲ್ಲಿ ಮನುಷ್ಯರ ಸ್ತನ ಕ್ಯಾನ್ಸರಿನ ಕೋಶಗಳೂ ಇದ್ದವು.

ನನ್ನ ಮಟ್ಟಿಗೆ ಈ ವಿಷಯದ ತಿರುಳು ಇಷ್ಟೇ. ಕೋಶದ ಚಲನೆ ಅಂದರೆ ಬರೀ ಒಳಗಿನ ಎಳೆಗಳ ಆಟ ಅಂತ ನಾವೆಲ್ಲ ಓದಿಕೊಂಡು ಬಂದಿದ್ದೆವು. ಇಕ್ಕಟ್ಟಾದ ಜಾಗದಲ್ಲಿ ನೀರೇ ಎಂಜಿನ್ ಆಗಬಲ್ಲದು.

ಲ್ಯಾಬಿನಲ್ಲಿ ಇದನ್ನೆಲ್ಲ ಹೇಗೆ ನೋಡುತ್ತಾರೆ?

ಎಲ್ಲರೂ ಮಾಡುವ ಸರಳ ಪರೀಕ್ಷೆಗೆ ಗೀರು ಪರೀಕ್ಷೆ ಅನ್ನಬಹುದು. ನಾನೂ ಕೆಲವು ವರ್ಷ ಇದನ್ನು ಮಾಡಿದ್ದೇನೆ. ಪ್ಲಾಸ್ಟಿಕ್ ತಟ್ಟೆಯ ತಳದಲ್ಲಿ ಕೋಶಗಳು ಒತ್ತೊತ್ತಾಗಿ ಬೆಳೆದು ಹಾಸಿಗೆಯ ಹಾಗೆ ಹರಡಿರುತ್ತವೆ. ಹಳದಿ ಪಿಪೆಟ್ ತುದಿ ಹಿಡಿದು ನಡುವೆ ಒಂದು ನೇರ ಗೆರೆ ಎಳೆಯಬೇಕು. ಕೈ ನಡುಗಿದರೆ ಗೆರೆ ಸೊಟ್ಟಗಾಗಿ ಇಡೀ ದಿನದ ಕೆಲಸ ಹಾಳು. ನನ್ನ ಮೊದಲ ಹತ್ತು ಗೆರೆ ಎತ್ತಿನ ಗಾಡಿ ಹೋದ ದಾರಿಯ ಹಾಗಿದ್ದವು. ಗೆರೆ ಎಳೆದ ಕೂಡಲೇ ಮೈಕ್ರೊಸ್ಕೋಪಿನಡಿ ಒಂದು ಫೋಟೊ, ಒಂದು ದಿನ ಬಿಟ್ಟು ಇನ್ನೊಂದು. ಎರಡೂ ದಡದ ಕೋಶಗಳು ಖಾಲಿ ಜಾಗಕ್ಕೆ ಇಳಿದು ಎಷ್ಟು ತುಂಬಿವೆ ಅಂತ ಅಳೆಯುವುದು.

ಎಂಸಿಎಫ್-7 ಅನ್ನುವ ಸ್ತನ ಕ್ಯಾನ್ಸರ್ ಕೋಶಗಳು ಕೈಕೈ ಹಿಡಿದುಕೊಂಡು, ಕಲ್ಲು ಹಾಸಿದ ಅಂಗಳದ ಹಾಗೆ, ಗುಂಪಾಗಿಯೇ ನಿಧಾನ ಸರಿಯುತ್ತವೆ. ಎಂಡಿಎ-ಎಂಬಿ-231 ಕೋಶಗಳು ಬೇರೆ ಜಾತಿ. ಉದ್ದುದ್ದ, ಕದಿರಿನ ಆಕಾರ, ಒಂದೊಂದೂ ತನ್ನ ಪಾಡಿಗೆ ಗೆರೆಗೆ ನುಗ್ಗುತ್ತದೆ. ಮೊದಲ ಸಲ ನೋಡಿದಾಗ ಮೈ ಜುಮ್ಮೆಂದಿತ್ತು. ಎರಡೂ 1970ರ ದಶಕದ ರೋಗಿಗಳಿಂದ ಬಂದ ಕೋಶಗಳು, ಇವತ್ತಿಗೂ ಜಗತ್ತಿನ ಲ್ಯಾಬುಗಳಲ್ಲಿ ಬೆಳೆಯುತ್ತಿವೆ.

2011ರಲ್ಲಿ ಕೊರಿಯಾದ ಒಂದು ತಂಡ ಎಂಸಿಎಫ್-7ರಲ್ಲಿ ಅಕ್ವಾಪೊರಿನ್-5 ತಯಾರಾಗುವುದನ್ನು ತಗ್ಗಿಸಿತು. ಕೋಶಗಳು ಬೆಳೆಯುವುದೂ ಕಡಿಮೆಯಾಯಿತು, ಸರಿಯುವುದೂ ಕಡಿಮೆಯಾಯಿತು.

ಸ್ತನ ಕ್ಯಾನ್ಸರಿನಲ್ಲಿ ಯಾವ ಅಕ್ವಾಪೊರಿನ್ ಮುಖ್ಯ?

ಹೆಚ್ಚು ಮಾತಾಡುವುದು 5, 3 ಮತ್ತು 1ರ ಬಗ್ಗೆ.

ಐದನೆಯದು ಈಗಾಗಲೇ ಬಂತು. ಅದಕ್ಕೆ ಇನ್ನೊಂದು ಮುಖವಿದೆ. ಡೆನ್ಮಾರ್ಕಿನ ಆರ್ಹುಸ್ ವಿಶ್ವವಿದ್ಯಾಲಯದವರು ನೋಡಿದ ಪ್ರಕಾರ ಅಕ್ವಾಪೊರಿನ್-5 ಜಾಸ್ತಿಯಾದರೆ ಕೋಶಗಳ ನಡುವಿನ ಹಿಡಿತವೇ ಸಡಿಲವಾಗುತ್ತದೆ. ಅಂದರೆ ಓಡಲು ಎಂಜಿನ್ ಕೊಡುವುದಷ್ಟೇ ಅಲ್ಲ, ಕಟ್ಟಿದ ಹಗ್ಗವನ್ನೂ ಬಿಚ್ಚುತ್ತದೆ.

ಮೂರನೆಯದು ನೀರಿಗಿಂತ ಬೇರೆ ಸರಕಿನಿಂದ ಹೆಸರು ಮಾಡಿದೆ. ಅದು ಹೈಡ್ರೋಜನ್ ಪೆರಾಕ್ಸೈಡನ್ನೂ ಒಳಗೆ ಬಿಡುತ್ತದೆ. ಗಾಯಕ್ಕೆ ಹಾಕಿದರೆ ನೊರೆ ಬರುತ್ತಲ್ಲ, ಅದೇ. ಕೋಶದೊಳಗೆ ಅದು ಅತಿ ಸಣ್ಣ ಪ್ರಮಾಣದಲ್ಲಿ ಸುದ್ದಿ ಮುಟ್ಟಿಸುವ ಕೆಲಸ ಮಾಡುತ್ತದೆ. ಮೂಳೆಮಜ್ಜೆ, ಶ್ವಾಸಕೋಶ, ಯಕೃತ್ತು, ಲಿಂಫ್ ಗಂಟುಗಳಲ್ಲಿ ಒಂದು ಕರೆಯುವ ರಾಸಾಯನಿಕ ಇರುತ್ತದೆ, ಸ್ತನ ಕ್ಯಾನ್ಸರ್ ಕೋಶ ಅದರ ವಾಸನೆ ಹಿಡಿದು ಹೋಗುತ್ತದೆ. ಆ ಕರೆ ಕೇಳಿದ ಕೋಶ ಹೆಜ್ಜೆ ಎತ್ತಬೇಕಾದರೆ ಪೆರಾಕ್ಸೈಡ್ ಅಕ್ವಾಪೊರಿನ್-3ರ ಮೂಲಕ ಒಳಗೆ ಬರಬೇಕು ಅಂತ ಜಪಾನಿನ ಸಂಶೋಧಕರು 2016ರಲ್ಲಿ ತೋರಿಸಿದರು. ಈಸ್ಟ್ರೋಜನ್ ಹಾರ್ಮೋನ್ ಇದೇ ಪ್ರೋಟೀನನ್ನು ಹೆಚ್ಚಿಸುತ್ತದೆ ಅಂತಲೂ ಲ್ಯಾಬ್ ಪ್ರಯೋಗಗಳು ಹೇಳಿವೆ.

ಒಂದನೆಯದು ರಕ್ತನಾಳದ ಒಳಗೋಡೆಯಲ್ಲಿ ಇರುತ್ತದೆ. ಗಡ್ಡೆ ಬೆಳೆಯಬೇಕಾದರೆ ಹೊಸ ರಕ್ತನಾಳ ಬೇಕು, ಅದನ್ನು ಕಟ್ಟುವ ಕೋಶಗಳೂ ನಡೆದೇ ಬರಬೇಕು.

ಇಲಿಗಳಲ್ಲಿ ಏನು ಕಂಡಿತು?

2005ರಲ್ಲಿ ಅಕ್ವಾಪೊರಿನ್-1 ಇಲ್ಲದ ಇಲಿಗಳಿಗೆ ಗಡ್ಡೆ ಕಸಿ ಮಾಡಿದರು. ಗಡ್ಡೆಯಲ್ಲಿ ರಕ್ತನಾಳ ಕಡಿಮೆ, ನಡುವೆ ಸತ್ತ ಭಾಗ ಜಾಸ್ತಿ. 2006ರಲ್ಲಿ ಉಲ್ಟಾ ಮಾಡಿದರು. ಇಲಿಯ ಸ್ತನ ಮತ್ತು ಚರ್ಮದ ಕ್ಯಾನ್ಸರ್ ಕೋಶಗಳಿಗೆ ಅಕ್ವಾಪೊರಿನ್ ಸೇರಿಸಿದರು. ಅವು ರಕ್ತನಾಳ ದಾಟಿ ಶ್ವಾಸಕೋಶಕ್ಕೆ ಹೆಚ್ಚು ನುಗ್ಗಿದವು. 2014ರಲ್ಲಿ ತಾನಾಗಿಯೇ ಸ್ತನ ಗಡ್ಡೆ ಬರುವ ಇಲಿ ತಳಿಯಲ್ಲಿ ಅಕ್ವಾಪೊರಿನ್-1ರ ಜೀನ್ ತೆಗೆದಾಗ ಗಡ್ಡೆಯೂ ಸಣ್ಣದಾಯಿತು, ಶ್ವಾಸಕೋಶಕ್ಕೆ ಹರಡಿದ್ದೂ ಕಡಿಮೆಯಾಯಿತು. ಈ ಮೂರೂ ಪ್ರಯೋಗಗಳ ಹಿಂದೆ ಸ್ಯಾನ್ ಫ್ರಾನ್ಸಿಸ್ಕೊದ ಸಂಶೋಧಕ ಅಲನ್ ವರ್ಕ್‌ಮನ್ ಇದ್ದರು.

ಇಲಿ ಇಲಿಯೇ, ಮನುಷ್ಯ ಮನುಷ್ಯನೇ. ಇಲಿಯಲ್ಲಿ ಗೆದ್ದು ಮನುಷ್ಯರಲ್ಲಿ ಸೋತ ಔಷಧಿಗಳಿಗೆ ಲೆಕ್ಕವಿಲ್ಲ.

ಹಾಗಾದರೆ ನೀರು ಕಡಿಮೆ ಕುಡಿದರೆ ಹರಡುವುದು ನಿಲ್ಲುತ್ತದಾ?

ಇಲ್ಲ, ಇಲ್ಲ, ಇಲ್ಲ. ನೀವು ಒಂದು ಲೋಟ ಕುಡಿದರೂ ಹತ್ತು ಲೋಟ ಕುಡಿದರೂ ರಕ್ತದ ಉಪ್ಪಿನ ಮಟ್ಟವನ್ನು ಮೈ ಒಂದೇ ಹದದಲ್ಲಿ ಇಟ್ಟುಕೊಳ್ಳುತ್ತದೆ. ಹೆಚ್ಚಾದದ್ದನ್ನು ಮೂತ್ರಪಿಂಡ ಹೊರಗೆ ಹಾಕುತ್ತದೆ. ಮೇಲೆ ಹೇಳಿದ ನೀರಿನ ಓಟ ಒಂದು ಕೋಶದ ಮುಂದಿನ ತುದಿಗೂ ಹಿಂದಿನ ತುದಿಗೂ ನಡುವಿನ ವ್ಯವಹಾರ. ಅದಕ್ಕೂ ನಿಮ್ಮ ಚೊಂಬಿಗೂ ಸಂಬಂಧವಿಲ್ಲ.

ಕಿಮೋ ನಡೆಯುವಾಗ ನೀರು ಕಡಿಮೆ ಮಾಡಿದರೆ ತೊಂದರೆಯೇ ಜಾಸ್ತಿ. ಸ್ತನ ಕ್ಯಾನ್ಸರಿಗೆ ಕೊಡುವ ಸೈಕ್ಲೋಫಾಸ್ಫಮೈಡ್ ಮೂತ್ರಕೋಶವನ್ನು ಕೆರಳಿಸಬಹುದು, ಅದಕ್ಕೇ ಚೆನ್ನಾಗಿ ನೀರು ಕುಡಿಯಿರಿ ಅನ್ನುತ್ತಾರೆ. ಹೃದಯ ಅಥವಾ ಮೂತ್ರಪಿಂಡದ ತೊಂದರೆ ಇದ್ದು ಡಾಕ್ಟರ್ ಅಳತೆ ಹೇಳಿದ್ದರೆ ಅದೇ ಅಳತೆ. ಕ್ಷಾರೀಯ ನೀರಿನ ಮೆಷಿನ್ ಮಾರಲು ಬಂದವರಿಗೆ ಒಂದು ಲೋಟ ಮಜ್ಜಿಗೆ ಕೊಟ್ಟು ಕಳಿಸಿ.

ನನ್ನ ಬಯಾಪ್ಸಿ ರಿಪೋರ್ಟಿನಲ್ಲಿ ಅಕ್ವಾಪೊರಿನ್ ಅಂತ ಎಲ್ಲೂ ಇಲ್ಲವಲ್ಲ?

ಇರುವುದಿಲ್ಲ. ಇದು ಚಿಕಿತ್ಸೆ ನಿರ್ಧರಿಸುವ ಪರೀಕ್ಷೆ ಆಗಿಲ್ಲ. ರಿಪೋರ್ಟಿನಲ್ಲಿ ನೀವು ನೋಡಬೇಕಾದದ್ದು ಇಆರ್, ಪಿಆರ್ (ಈಸ್ಟ್ರೋಜನ್, ಪ್ರೊಜೆಸ್ಟರಾನ್ ಹಾರ್ಮೋನ್ ಹಿಡಿಯುವ ಪ್ರೋಟೀನ್), ಹರ್-2 (ಬೆಳೆ ಅಂತ ಕೋಶಕ್ಕೆ ಹೇಳುವ ಪ್ರೋಟೀನ್) ಈ ಮೂರು, ಮತ್ತೆ ಗಡ್ಡೆಯ ಗಾತ್ರ, ಗ್ರೇಡ್, ಕಂಕುಳ ಗಂಟುಗಳ ಲೆಕ್ಕ. ಬೆಂಗಳೂರಿನ ಕಿದ್ವಾಯಿಯಲ್ಲಿ ತೋರಿಸಿದರೂ ಅಷ್ಟೇ, ಅಮೆರಿಕಕ್ಕೆ ಹೋದರೂ ಅಷ್ಟೇ. ರೋಗಿಗಳ ಗಡ್ಡೆಯಲ್ಲಿ ಅಕ್ವಾಪೊರಿನ್-5 ಜಾಸ್ತಿ ಇದ್ದವರಿಗೆ ಮುಂದೆ ತೊಂದರೆ ಹೆಚ್ಚು ಅಂತ ಕೆಲವು ಅಧ್ಯಯನಗಳು ಹೇಳಿವೆ ನಿಜ. ಆದರೆ ಅದನ್ನು ನೋಡಿ ಔಷಧಿ ಬದಲಿಸುವಂಥದ್ದೇನೂ ಇನ್ನೂ ಇಲ್ಲ.

ಅಕ್ವಾಪೊರಿನ್ ದೆಸೆಯಿಂದ ಕ್ಯಾನ್ಸರ್ ವಂಶದಲ್ಲಿ ಬರುತ್ತದಾ? ಕ್ಯಾನ್ಸರಿಗೆ ಇದೇ ಕಾರಣವಾ?

ಎರಡಕ್ಕೂ ಇಲ್ಲ ಅನ್ನಬೇಕು. ವಂಶದ ಮಾತು ಬಂದರೆ ಕೇಳಬೇಕಾದದ್ದು, ಕೆಟ್ಟರೆ ಸ್ತನ ಕ್ಯಾನ್ಸರಿನ ಅಪಾಯ ಹೆಚ್ಚಿಸುವ ಬಿಆರ್‌ಸಿಎ ಜೀನ್‌ಗಳ ಬಗ್ಗೆ.

ಈ ಬಾಗಿಲು ಮುಚ್ಚುವ ಔಷಧಿ ಇದೆಯಾ?

ಸ್ತನ ಕ್ಯಾನ್ಸರಿಗೆ ಅಂತ ಒಂದೂ ಇಲ್ಲ. ಬಾಗಿಲು ಮುಚ್ಚುವ ವಸ್ತು ಮೊದಲಿಂದಲೂ ಗೊತ್ತು: ಪಾದರಸ. ಅದು ವಿಷ, ಯಾರಿಗೂ ಕೊಡುವ ಹಾಗಿಲ್ಲ. ಚಿನ್ನ ಬೆರೆತ ಒಂದು ರಾಸಾಯನಿಕ ಅಕ್ವಾಪೊರಿನ್-3ನ್ನು ತಡೆಯುತ್ತದೆ, ಅದೂ ಲ್ಯಾಬಿನಲ್ಲೇ ಇದೆ. ಕಷ್ಟ ಎಲ್ಲಿ ಅಂದರೆ ಕೊಳವೆ ಅಷ್ಟು ಸಣ್ಣ, ಔಷಧಿಯ ಕಣ ಹೋಗಿ ಸಿಕ್ಕಿಕೊಳ್ಳಲು ಜಾಗವೇ ಕಡಿಮೆ. ಹದಿಮೂರೂ ಅಣ್ಣತಮ್ಮಂದಿರ ಹಾಗೆ ಒಂದೇ ಮುಖ, ಒಂದನ್ನು ಹಿಡಿಯಲು ಹೋದರೆ ಇನ್ನೊಂದು ಸಿಗುತ್ತದೆ.

ಮುಚ್ಚಿದರೆ ಮೈಗೆ ಏನಾದೀತು ಅನ್ನುವ ಭಯಕ್ಕೆ ಒಂದು ಕುತೂಹಲದ ಉತ್ತರ ಇದೆ. ಜಗತ್ತಿನಲ್ಲಿ ಬೆರಳೆಣಿಕೆಯಷ್ಟು ಜನರಿಗೆ ಹುಟ್ಟಿನಿಂದಲೇ ಅಕ್ವಾಪೊರಿನ್-1 ಇಲ್ಲ. ಕಾಲ್ಟನ್ ಅನ್ನುವ ಅಪರೂಪದ ರಕ್ತಗುಂಪಿನಿಂದ ಅವರು ಬೆಳಕಿಗೆ ಬಂದರು. ಅವರು ಆರಾಮಾಗಿಯೇ ಇದ್ದಾರೆ. ಗಂಟೆಗಟ್ಟಲೆ ನೀರು ಕೊಡದೆ ಇಟ್ಟಾಗ ಮಾತ್ರ ಅವರ ಮೂತ್ರ ನಮ್ಮಷ್ಟು ಗಟ್ಟಿಯಾಗಲಿಲ್ಲ.

ಬ್ರಾಹ್ಮಿ ತಿಂದರೆ ಈ ಬಾಗಿಲು ಮುಚ್ಚುತ್ತದಂತೆ, ವಾಟ್ಸಾಪಿನಲ್ಲಿ ಬಂದಿತ್ತು.

ಈ ಗಾಳಿಸುದ್ದಿಗೆ ಒಂದು ಎಳೆಯಷ್ಟು ನಿಜ ಇದೆ, ಅದಕ್ಕೇ ಅಪಾಯ. ಬಾಕೋಪಾ ಗಿಡದಿಂದ ತೆಗೆದ ಬಾಕೋಪಸೈಡ್ ಅನ್ನುವ ವಸ್ತುಗಳು ಅಕ್ವಾಪೊರಿನ್-1ನ್ನು ತಡೆಯುತ್ತವೆ ಅಂತ ಆಸ್ಟ್ರೇಲಿಯಾದ ಅಡಿಲೇಡ್‌ನ ಸಂಶೋಧಕರು 2016ರಲ್ಲಿ ತೋರಿಸಿದರು. 2019ರಲ್ಲಿ ಅಂಥ ಎರಡು ವಸ್ತು ಸೇರಿಸಿ ಹಾಕಿದಾಗ ತಟ್ಟೆಯಲ್ಲಿದ್ದ ಸ್ತನ ಕ್ಯಾನ್ಸರ್ ಕೋಶಗಳ ಬೆಳವಣಿಗೆ ಮತ್ತು ಓಡಾಟ ತಗ್ಗಿತು. ತಟ್ಟೆಯಲ್ಲಿ, ಮನುಷ್ಯರಲ್ಲಲ್ಲ.

ಇನ್ನೊಂದು ಗೊಂದಲ ನಮ್ಮದೇ. ಬಾಕೋಪಾ ಅಂದರೆ ನೀರುಬ್ರಾಹ್ಮಿ. ಗದ್ದೆಯ ಅಂಚು, ಜೌಗು ಜಾಗದಲ್ಲಿ ಹಬ್ಬುತ್ತದೆ, ಎಲೆ ಸಣ್ಣ, ದಪ್ಪ. ನಾವು ಬ್ರಾಹ್ಮಿ ಅಂತ ಕರೆದು ತಂಬುಳಿ ಮಾಡುವುದು ಹೆಚ್ಚಾಗಿ ಒಂದೆಲಗ. ಕಾಸಿನಗಲದ ದುಂಡು ಎಲೆ. ಅದು ಬೇರೆಯೇ ಗಿಡ. ತಂಬುಳಿ ರುಚಿಗೆ ಮಾಡಿ, ಉಣ್ಣಿ. ಆದರೆ ಕಿಮೋ ನಡೆಯುವಾಗ ಯಾವುದೇ ಗಿಡದ ಸಾರ, ಕ್ಯಾಪ್ಸೂಲ್ ತಗೊಳ್ಳುವ ಮೊದಲು ನಿಮ್ಮ ಡಾಕ್ಟರಿಗೆ ಹೇಳಿ. ಅವು ಯಕೃತ್ತಿನಲ್ಲಿ ಔಷಧಿಯ ಲೆಕ್ಕ ತಪ್ಪಿಸಬಹುದು.

ಆಪರೇಷನ್ ಆದಮೇಲೆ ಕೈಯಲ್ಲಿ ನೀರು ತುಂಬಿ ಊದಿದೆ. ಇದೂ ಅಕ್ವಾಪೊರಿನ್ ಕೆಲಸವಾ?

ಚಿಕ್ಕಮ್ಮ ಕೊನೆಗೆ ಕೇಳಿದ್ದು ಇದನ್ನೇ. ಅಲ್ಲ. ಕಂಕುಳ ಗಂಟುಗಳನ್ನು ತೆಗೆದಾಗ ಅಥವಾ ಅಲ್ಲಿಗೆ ರೇಡಿಯೇಷನ್ ಕೊಟ್ಟಾಗ ಕೈಯ ಲಿಂಫ್ ದ್ರವ ವಾಪಸ್ ಹೋಗುವ ಚರಂಡಿ ಕಟ್ಟಿಕೊಳ್ಳುತ್ತದೆ. ನೀರು ಕಡಿಮೆ ಕುಡಿದರೆ ಇದೂ ಇಳಿಯುವುದಿಲ್ಲ. ಬೇಗ ತೋರಿಸಿದಷ್ಟೂ ಒಳ್ಳೆಯದು. ಫಿಸಿಯೋಥೆರಪಿಸ್ಟ್ ಹಗುರ ಮಸಾಜ್, ವ್ಯಾಯಾಮ ಹೇಳಿಕೊಡುತ್ತಾರೆ, ಕೈಗೆ ಹಾಕಿಕೊಳ್ಳುವ ಬಿಗಿ ಬಟ್ಟೆಯ ತೋಳು ಕೊಡುತ್ತಾರೆ. ಕೈ ಕೆಂಪಾಗಿ ಬಿಸಿಯಾಗಿ ಜ್ವರ ಬಂದರೆ ಅವತ್ತೇ ಆಸ್ಪತ್ರೆಗೆ ಹೋಗಿ, ಅದು ಸೋಂಕು ಇರಬಹುದು. ಚಿಕ್ಕಮ್ಮ ಈಗ ಆ ಬಿಗಿ ತೋಳನ್ನು ಸೀರೆ ಬಣ್ಣಕ್ಕೆ ಹೊಂದುವಂಥದ್ದು ಸಿಗುತ್ತದಾ ಅಂತ ಹುಡುಕುತ್ತಿದ್ದಾರೆ.